ಹಿತ್ತಲಲ್ಲಿ ನಾಲ್ಕು ಕೋಳಿ

(ಮಹಿಳಾ ವಿಭಾಗದ ಮಾಸಿಕ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



ಹಿಂದಿನ ಕೂಟದಲ್ಲಿ ಸಕ್ಕರೆ ಕಾಯಿಲೆಯ ಬಗ್ಗೆ ಡಾಕ್ಟರು ಮಾತಾಡಿದರು. ಅದಕ್ಕೂ ಮೊದಲು ಉಯಿಲು ಬರೆಯುವುದು ಹೇಗೆಂದು ವಕೀಲರು ಹೇಳಿಕೊಟ್ಟರು. ಈ ಸಲ ಕೋಳಿ. ಕಾರ್ಯದರ್ಶಿಯವರು ಫೋನ್ ಮಾಡಿ "ನೀವು ಕೋಳಿ ಸಾಕುತ್ತೀರಲ್ಲ, ಅದನ್ನೇ ಮಾತಾಡಿ" ಅಂದಾಗ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ನಮ್ಮಲ್ಲೇ ಐದಾರು ಮನೆಯವರು ಹಿತ್ತಲಲ್ಲಿ ಕೋಳಿ ಇಟ್ಟಿದ್ದಾರೆ, ಇನ್ನು ಕೆಲವರು ಇಡಬೇಕೆಂದಿದ್ದಾರೆ. ಹಾಗಾಗಿ ಒಪ್ಪಿಕೊಂಡೆ. ನಾನು ಪಶುವೈದ್ಯೆ ಅಲ್ಲ. ಹನ್ನೆರಡು ವರ್ಷ ಕೋಳಿ ಸಾಕಿ, ಒಮ್ಮೆ ಚೆನ್ನಾಗಿ ಪೆಟ್ಟು ತಿಂದವಳು. ಅಷ್ಟೇ ನನ್ನ ಅರ್ಹತೆ.

ನಾನು ಹುಟ್ಟಿ ಬೆಳೆದದ್ದು ಕಾರ್ಕಳದ ಕಡೆ. ಅಲ್ಲಿ ಕೋಳಿ ಸಾಕುವುದು ಅಂದರೆ ಏನೂ ಮಾಡದೇ ಇರುವುದು. ಬೆಳಿಗ್ಗೆ ಗೂಡು ತೆರೆದರೆ ಅವು ಗುಡ್ಡೆಗೆ ಹೋಗಿ ಗೆದ್ದಲು, ಹುಳ ಹೆಕ್ಕಿ ತಿಂದು ಸಂಜೆ ತಾವೇ ಬಂದು ಗೂಡು ಸೇರುತ್ತಿದ್ದವು. ಅಮ್ಮ ಒಂದು ಹಿಡಿ ತೌಡು ಕಲಸಿ ಹಾಕಿದರೆ ಮುಗಿಯಿತು. ತುರ್ಭೆಯಲ್ಲಿ ಹಾಗಿಲ್ಲ. ನಮ್ಮ ಮನೆ ಹಳೇ ಗಾವ್‌ಠಾಣದ ಒಳಗೆ. ಹಿಂದೆ ಹತ್ತು ಅಡಿಗೆ ಹನ್ನೆರಡು ಅಡಿ ಜಾಗ, ಒಂದು ಕರಿಬೇವು, ಒಂದು ನುಗ್ಗೆ. ಅತ್ತ ನೋಡಿದರೆ ಕಾರ್ಖಾನೆ, ಇತ್ತ ನೋಡಿದರೆ ಎಪಿಎಂಸಿಯ ಲಾರಿಗಳು. ಇಲ್ಲಿ ಕೋಳಿಗೆ ಗುಡ್ಡೆ ನಾವೇ. ಅದು ತಿನ್ನುವ ಪ್ರತಿಯೊಂದು ಕಾಳು, ಕುಡಿಯುವ ಪ್ರತಿಯೊಂದು ಗುಟುಕು ನಾವು ಕೊಟ್ಟದ್ದೇ. ಊರಿನ ಅಭ್ಯಾಸವನ್ನೇ ಇಲ್ಲಿಗೆ ತಂದದ್ದು ನಾನು ಮಾಡಿದ ಮೊದಲ ತಪ್ಪು.

ಮೊದಲು ಒಂದು ಸಂಶಯ ಪರಿಹರಿಸಿಬಿಡುತ್ತೇನೆ, ಯಾಕೆಂದರೆ ಎಲ್ಲರೂ ಕೇಳುತ್ತಾರೆ. ಮೊಟ್ಟೆಗೆ ಹುಂಜ ಬೇಕಾಗಿಲ್ಲ. ಹೇಂಟೆ ತಾನಾಗಿಯೇ ಮೊಟ್ಟೆ ಇಡುತ್ತದೆ. ಮರಿ ಆಗಬೇಕಾದರೆ ಮಾತ್ರ ಹುಂಜ ಬೇಕು. ಅಕ್ಕಪಕ್ಕದ ಕಿಟಕಿಗಳು ಒಂದಕ್ಕೊಂದು ಅಂಟಿಕೊಂಡಿರುವ ನಮ್ಮಂಥ ಕಡೆ ಬೆಳಗಿನ ಜಾವ ನಾಲ್ಕು ಗಂಟೆಗೆ ಹುಂಜ ಕೂಗಿದರೆ ಏನಾಗುತ್ತದೆ ಅಂತ ನಿಮಗೆ ಗೊತ್ತು. ನಮ್ಮ ಮಾವನವರಿಗೆ ಹುಂಜ ಅಂದರೆ ಪ್ರಾಣ. ಕೋಳಿ ಅಂಕದ ಊರಿನವರು, ಕುಕ್ಕುಟ ಪಂಚಾಂಗ ಬಾಯಿಪಾಠ. ಯಾವ ದಿನ ಯಾವ ಬಣ್ಣದ್ದಕ್ಕೆ ಗೆಲುವು ಅಂತ ಮೊಮ್ಮಕ್ಕಳಿಗೆ ಹೇಳುತ್ತಿದ್ದರು. ಅವರಿರುವವರೆಗೆ ಒಂದು ಹುಂಜ ಇತ್ತು, ಬೈಗುಳವೂ ಇತ್ತು. ಈಗ ಎರಡೂ ಇಲ್ಲ. ಸೊಸೈಟಿಯಲ್ಲಿ ಇರುವವರು ಮೊದಲು ಸಮಿತಿಯನ್ನು ಕೇಳಿ, ಆಮೇಲೆ ಕೋಳಿ ತನ್ನಿ.

ಗೂಡಿನ ವಿಷಯ. ಒಂದು ಕೋಳಿಗೆ ಗೂಡಿನ ಒಳಗೆ ಕಡಿಮೆ ಎಂದರೂ ಎರಡು ಚದರ ಅಡಿ ಬೇಕು, ಹಗಲು ಓಡಾಡಲು ಅದರ ನಾಲ್ಕು ಪಟ್ಟಾದರೂ ಇರಲಿ. ನನ್ನ ಜಾಗಕ್ಕೆ ಆರು ಕೋಳಿ ಹದ. ಹನ್ನೊಂದು ಇಟ್ಟಿದ್ದೆ, ಅದು ದುರಾಸೆ. ಇಕ್ಕಟ್ಟಾದರೆ ಒಂದರ ರೆಕ್ಕೆಪುಕ್ಕ ಇನ್ನೊಂದು ಕುಕ್ಕಿ ಕಿತ್ತು ಹಾಕುತ್ತದೆ, ರಕ್ತ ಕಂಡಿತೋ ಎಲ್ಲವೂ ಸೇರಿ ಕುಕ್ಕುತ್ತವೆ. ಗೂಡು ನೆಲದಿಂದ ಎರಡಡಿ ಎತ್ತರದಲ್ಲಿರಲಿ. ನಮ್ಮ ಮಳೆ ನಿಮಗೆ ಗೊತ್ತಲ್ಲ, ಜುಲೈಯಲ್ಲಿ ಒಂದು ರಾತ್ರಿ ನೀರು ನಿಂತರೆ ಸಾಕು. ಒಳಗೆ ರಾತ್ರಿ ಕೂರಲು ಒಂದು ಅಡ್ಡಕೋಲು, ಸಲಿಕೆಯ ಹಿಡಿಯಷ್ಟು ದಪ್ಪದ್ದು. ಮೊಟ್ಟೆ ಇಡಲು ಕತ್ತಲಾಗಿರುವ ಒಂದು ಮೂಲೆ, ಅಲ್ಲಿ ಒಣಹುಲ್ಲು. ನಾಲ್ಕು ಕೋಳಿಗೆ ಒಂದು ಮೂಲೆ ಸಾಕು. ಎರಡು ಮಾಡಿಟ್ಟರೂ ನನ್ನವು ಒಂದರಲ್ಲೇ ಸರತಿ ನಿಲ್ಲುತ್ತವೆ.

ಬಲೆ ತರುವಾಗ ಅಂಗಡಿಯವನು ಆರು ಮೂಲೆಯ ತೆಳು ಕೋಳಿಬಲೆ ತೋರಿಸುತ್ತಾನೆ. ಅದು ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ, ಹೆಗ್ಗಣ ಒಳಗೆ ಬರುವುದನ್ನು ತಡೆಯುವುದಿಲ್ಲ. ಮಾರುಕಟ್ಟೆಯ ಪಕ್ಕದಲ್ಲಿರುವ ನಮ್ಮ ಹೆಗ್ಗಣಗಳ ಗಾತ್ರ ಬೇರೆ ಕಡೆಯವರಿಗೆ ಹೇಳಿದರೆ ನಂಬುವುದಿಲ್ಲ. ಅರ್ಧ ಇಂಚು ಕಣ್ಣಿನ ಬೆಸುಗೆ ಹಾಕಿದ ತಂತಿಬಲೆಯನ್ನೇ ತನ್ನಿ, ನೆಲದೊಳಗೂ ಒಂದಡಿ ಇಳಿಸಿ. ಮುಂಗುಸಿ ಹಗಲೇ ಬರುತ್ತದೆ, ಒಂದನ್ನು ತಿಂದು ಸುಮ್ಮನಾಗುವುದಿಲ್ಲ, ಇರುವಷ್ಟನ್ನೂ ಕೊಂದು ಹೋಗುತ್ತದೆ. ಮರಿಗಳಿದ್ದರೆ ಕಾಗೆ, ಗಿಡುಗಕ್ಕೆ ಮೇಲೂ ಬಲೆ ಬೇಕು.

ಆಹಾರ. ಬೆಳೆದ ಒಂದು ಕೋಳಿ ದಿನಕ್ಕೆ ನೂರರಿಂದ ನೂರಿಪ್ಪತ್ತು ಗ್ರಾಂ ತಿನ್ನುತ್ತದೆ. ಆರು ಕೋಳಿಗೆ ತಿಂಗಳಿಗೆ ಇಪ್ಪತ್ತು ಕಿಲೋ ಅಂತ ಲೆಕ್ಕ ಹಾಕಿ. ಬರೀ ಅನ್ನ, ಅಕ್ಕಿ ನುಚ್ಚು ಹಾಕಿದರೆ ಕೋಳಿ ಕೊಬ್ಬುತ್ತದೆ, ಮೊಟ್ಟೆ ಇಡುವುದಿಲ್ಲ. ಮೊಟ್ಟೆ ಇಡುವ ಕೋಳಿಗೆ ನೂರಕ್ಕೆ ಹದಿನಾರು ಹದಿನೇಳರಷ್ಟು ಪ್ರೊಟೀನ್ ಬೇಕು. ಅಂಗಡಿಯ ಲೇಯರ್ ಫೀಡ್‌ನಲ್ಲಿ ಅದು ಇರುತ್ತದೆ. ನಾನು ಅರ್ಧ ಅದು, ಇನ್ನರ್ಧ ಮುರಿದ ಜೋಳ, ತೌಡು, ಒಣಗಿಸಿ ಪುಡಿ ಮಾಡಿದ ಮೀನಿನ ತಲೆ, ನುಗ್ಗೆಸೊಪ್ಪು ಕೊಡುತ್ತೇನೆ. ತರಕಾರಿ ಮಾರುಕಟ್ಟೆಯಲ್ಲಿ ಎಲೆಕೋಸಿನ ಹೊರಗಿನ ಎಲೆ ಬೇಕಾದಷ್ಟು ಸಿಗುತ್ತದೆ, ಆದರೆ ಮದ್ದು ಹೊಡೆದದ್ದು ಹೊರಗಿನ ಎಲೆಗೇ ತಾನೇ? ಉಪ್ಪುನೀರಲ್ಲಿ ನೆನೆಸಿ, ಎರಡು ಸಲ ತೊಳೆದು ಕೊಡಿ.

ಧಾನ್ಯದ ಮಾರುಕಟ್ಟೆ ದಾಣಾ ಬಂದರಿನಲ್ಲಿ ಗುಡಿಸಿದ ಕಾಳು ಅಗ್ಗಕ್ಕೆ ಸಿಗುತ್ತದೆ. ಇದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಗೋದಾಮಿನ ಕಾಳಿಗೆ ಹುಳ ಹಿಡಿಯದಂತೆ ವಿಷದ ಮಾತ್ರೆ ಇಟ್ಟಿರುತ್ತಾರೆ, ಇಲಿಪಾಷಾಣವೂ ಇರುತ್ತದೆ. ಗುಡಿಸಿದ ರಾಶಿಯಲ್ಲಿ ಏನೇನಿದೆ ಅಂತ ಯಾರು ನೋಡಿದ್ದಾರೆ? ಇನ್ನೊಂದು, ಬೂಷ್ಟು. ಮಳೆಗಾಲದಲ್ಲಿ ಜೋಳ, ಕಡಲೆಕಾಯಿ ಹಿಂಡಿ ಎರಡಕ್ಕೂ ಬೇಗ ಬೂಷ್ಟು ಬರುತ್ತದೆ. ಅದರಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ಕೋಳಿಯ ಯಕೃತ್ತನ್ನು ಹಾಳು ಮಾಡುತ್ತದೆ. ತೊಳೆದರೂ ಬಿಸಿಲಿಗೆ ಹಾಕಿದರೂ ಹೋಗುವುದಿಲ್ಲ. ಬೂಷ್ಟು ಕಂಡ ಕಾಳನ್ನು "ಕೋಳಿಗೆ ತಾನೇ" ಅಂತ ಹಾಕಬೇಡಿ, ಎಸೆಯಿರಿ. ಮಳೆಗಾಲದಲ್ಲಿ ಹದಿನೈದು ದಿನಕ್ಕಾಗುವಷ್ಟೇ ತಂದು ಮುಚ್ಚಳದ ಡಬ್ಬದಲ್ಲಿಡಿ. ಅಡಿಗೆಮನೆಯಿಂದ ಉಪ್ಪಿನಕಾಯಿ, ಹಪ್ಪಳ, ಟೀ ಗಷ್ಟು, ಹಸಿರು ಬಂದ ಬಟಾಟೆ ಸಿಪ್ಪೆ, ಬೇಯಿಸದ ರಾಜ್ಮಾ ಇವು ಯಾವುವೂ ಬೇಡ.

ಸಿಪ್ಪೆ ತೆಳುವಾದ ಮೊಟ್ಟೆ, ಸಿಪ್ಪೆಯೇ ಇಲ್ಲದ ಮೊಟ್ಟೆ ಬರುತ್ತದೆ ಅಂತ ಇಬ್ಬರು ಕೇಳಿದ್ದೀರಿ. ಅದು ಸುಣ್ಣದ ಕೊರತೆ. ನಮ್ಮ ಮರ್ವಾಯಿ, ಇಲ್ಲಿಯವರು ತಿಸ್ರ್ಯಾ ಅನ್ನುತ್ತಾರಲ್ಲ, ಸುಕ್ಕ ಮಾಡಿದ ದಿನ ಚಿಪ್ಪು ಎಸೆಯಬೇಡಿ. ತೊಳೆದು ಒಣಗಿಸಿ, ಗೋಣಿಚೀಲದಲ್ಲಿ ಹಾಕಿ ಸುತ್ತಿಗೆಯಿಂದ ಜಜ್ಜಿ, ಬೇರೆ ತಟ್ಟೆಯಲ್ಲಿಡಿ. ಆಹಾರಕ್ಕೆ ಬೆರೆಸಬೇಡಿ, ಬೇಕಾದದ್ದು ಬೇಕಾದಷ್ಟು ತಿನ್ನುತ್ತದೆ. ಮೊಟ್ಟೆ ಸಿಪ್ಪೆಯೂ ಆಗುತ್ತದೆ, ಆದರೆ ಹುರಿದು ನುಣ್ಣಗೆ ಪುಡಿ ಮಾಡಿ. ಸಿಪ್ಪೆಯ ಆಕಾರದಲ್ಲೇ ಹಾಕಿದರೆ ರುಚಿ ಹತ್ತಿ ತನ್ನ ಮೊಟ್ಟೆಯನ್ನೇ ಒಡೆದು ತಿನ್ನುವ ಚಾಳಿ ಬರುತ್ತದೆ. ಆ ಚಾಳಿ ಬಂದ ಕೋಳಿಯನ್ನು ಬಿಡಿಸುವುದು ಬಹಳ ಕಷ್ಟ.

ಮೊಟ್ಟೆ ನಿಂತಿತು ಅಂತ ಗಾಬರಿಯಾಗುವ ಮೊದಲು ಮೂರು ವಿಷಯ ನೋಡಿ. ಪುಕ್ಕ ಉದುರಿಸಿ ಹೊಸದು ಬೆಳೆಸಿಕೊಳ್ಳುವ ಕಾಲದಲ್ಲಿ ಮೊಟ್ಟೆ ನಿಲ್ಲುತ್ತದೆ. ಕಾವಿಗೆ ಕೂತರೂ ನಿಲ್ಲುತ್ತದೆ. ಚಳಿಗಾಲದಲ್ಲಿ ಹಗಲು ಚಿಕ್ಕದಾಗುವುದರಿಂದ ಕಡಿಮೆಯಾಗುತ್ತದೆ. ಚೆನ್ನಾಗಿ ಮೊಟ್ಟೆ ಇಡಲು ಹದಿನಾಲ್ಕು ಗಂಟೆಯಷ್ಟು ಬೆಳಕು ಬೇಕು, ಡಿಸೆಂಬರಿನಲ್ಲಿ ಇಲ್ಲಿ ಹನ್ನೊಂದೇ ಗಂಟೆ ಹಗಲು. ತಳಿಯೂ ಮುಖ್ಯ. ನಾಟಿ ಕೋಳಿ ವರ್ಷಕ್ಕೆ ಅರವತ್ತು ಎಪ್ಪತ್ತು ಇಟ್ಟರೆ ಹೆಚ್ಚು. ನಮ್ಮ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಬೆಳೆಸಿದ ಗಿರಿರಾಜ ಅದರ ಸುಮಾರು ಎರಡು ಪಟ್ಟು ಇಡುತ್ತದೆ, ಹೈದರಾಬಾದಿನ ವನರಾಜ, ಗ್ರಾಮಪ್ರಿಯ ಇಲ್ಲಿಯೂ ಸಿಗುತ್ತವೆ. ಆದರೆ ಇವು ಕಾವಿಗೆ ಕೂರುವುದರಲ್ಲಿ ಸೋಮಾರಿಗಳು. ಮರಿ ಮಾಡಿಸಬೇಕಾದರೆ ನಾಟಿ ಹೇಂಟೆಯೇ ಬೇಕು, ಇಪ್ಪತ್ತೊಂದು ದಿನ ಅಲ್ಲಾಡದೆ ಕೂರುತ್ತದೆ.

ಈಗ ನಾನು ಪೆಟ್ಟು ತಿಂದ ಕಥೆ.

ನಾಲ್ಕು ವರ್ಷದ ಹಿಂದೆ, ಮಾರ್ಚ್ ತಿಂಗಳು. ಭಾನುವಾರದ ಸಂತೆಯಲ್ಲಿ ಎರಡು ಚಂದದ ಹೇಂಟೆ ಕಂಡವು. ಕೆಂಪು ಮೈ, ಅಗ್ಗ. ತಂದು ಸಂಜೆಯೇ ಉಳಿದ ಒಂಬತ್ತರ ಜತೆ ಗೂಡಿಗೆ ಬಿಟ್ಟೆ. ಐದನೇ ದಿನ ಅವುಗಳಲ್ಲೊಂದು ಮೂಲೆಯಲ್ಲಿ ತೂಕಡಿಸುತ್ತಾ ನಿಂತಿತು. ಹಸಿರು ಹಸಿರಾಗಿ ಬೇಧಿ. ಬಿಸಿಲಿಗೆ ಅಂದುಕೊಂಡು ಬೆಲ್ಲದ ನೀರು ಕುಡಿಸಿದೆ. ಮಾರನೇ ದಿನ ಮೂರು ಕೋಳಿ ಬಾಯಿ ತೆರೆದು ಏದುಸಿರು ಬಿಡುತ್ತಿದ್ದವು, ಒಂದು ಕತ್ತನ್ನು ಬೆನ್ನ ಮೇಲೆ ತಿರುಚಿಕೊಂಡು ಸುತ್ತು ಹೊಡೆಯುತ್ತಿತ್ತು. ನಾಲ್ಕು ದಿನದಲ್ಲಿ ಹನ್ನೊಂದರಲ್ಲಿ ಹತ್ತು ಹೋದವು.

ಅದು ಕೊಕ್ಕರೆ ರೋಗ. ಪುಸ್ತಕದಲ್ಲಿ ರಾಣಿಖೇತ್ ಅಂತ ಹೆಸರು, ಉತ್ತರಾಖಂಡದ ಆ ಊರಲ್ಲಿ 1920ರ ದಶಕದಲ್ಲಿ ಗುರುತಿಸಿದ್ದರಿಂದ. ಇಲ್ಲಿಯವರು ಮಾನ್‌ಮೋಡಿ ಅನ್ನುತ್ತಾರೆ, ಕತ್ತು ಮುರಿಯುವುದು ಅಂತ. ಇದಕ್ಕೆ ಮದ್ದಿಲ್ಲ. ಲಸಿಕೆ ಮಾತ್ರ.

ನನ್ನವು ಸತ್ತಿದ್ದರೆ ನನ್ನ ಪಾಡು ಅನ್ನಬಹುದಿತ್ತು. ನಮ್ಮ ಗೋಡೆಯಾಚೆಗೆ ಒಬ್ಬರು ಮಾವ್ಶಿ ಇದ್ದಾರೆ, ಇಲ್ಲಿಯ ಮೂಲದವರು, ಗಂಡ ಇಲ್ಲ. ಹದಿನೇಳು ನಾಟಿ ಕೋಳಿ ಸಾಕಿದ್ದರು. ಬಾಣಂತಿಯರ ಮನೆಗೆ, ವ್ಯಾಯಾಮಶಾಲೆಯ ಹುಡುಗರಿಗೆ ಮೊಟ್ಟೆ ಮಾರಿ ತಮ್ಮ ಮದ್ದಿನ ಖರ್ಚು ತಾವೇ ನೋಡಿಕೊಳ್ಳುತ್ತಿದ್ದರು. ಮಗನ ಹತ್ತಿರ ಕೈ ಚಾಚಬಾರದು ಅನ್ನುವ ಹಟ. ವಾರದೊಳಗೆ ಅವರ ಹದಿನೇಳರಲ್ಲಿ ಹದಿನಾಲ್ಕು ಸತ್ತವು. ಅವರು "ಯಾರ ದೃಷ್ಟಿ ತಾಗಿತೋ" ಅಂತ ಅಳುತ್ತಿದ್ದರು. ನಾನು ಪಕ್ಕದಲ್ಲಿ ನಿಂತು ಸಮಾಧಾನ ಹೇಳಿದೆ. ಸಂತೆಯಿಂದ ತಂದ ಎರಡು ಕೋಳಿಯ ಮಾತು ಎತ್ತಲಿಲ್ಲ. ಎಂಟು ದಿನ ಎತ್ತಲಿಲ್ಲ.

ಒಂಬತ್ತನೇ ದಿನ ಹೋಗಿ ಹೇಳಿದೆ. ಅವರು ಬೈಯಲಿಲ್ಲ. "ಠೀಕ್ ಆಹೆ" ಅಂದು ಒಳಗೆ ಹೋದರು. ಆಮೇಲೆ ನಮ್ಮ ಮರದ ಕರಿಬೇವಿಗೆ ಬರುವುದನ್ನು ನಿಲ್ಲಿಸಿದರು.

ಪಶುವೈದ್ಯರ ಹತ್ತಿರ ಹೋದೆ. "ಲಸಿಕೆ ಹಾಕಿಸಿದ್ದಿರಾ?" ಅಂದರು. "ಹನ್ನೊಂದು ಕೋಳಿಗೆ ಯಾರು ಹಾಕಿಸುತ್ತಾರೆ ಸಾರ್" ಅಂದೆ. ಆಗ ಅವರು ವಿವರಿಸಿದ್ದು ಇದು. ಲಸಿಕೆಯ ಚಿಕ್ಕ ಸೀಸೆಯೇ ನೂರು ಕೋಳಿಗಾಗುವಷ್ಟು ಬರುತ್ತದೆ. ಒಮ್ಮೆ ನೀರು ಬೆರೆಸಿದರೆ ಎರಡು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದು ವ್ಯರ್ಥ. ಮನೆಯಲ್ಲಿ ನಾಲ್ಕು, ಆರು ಕೋಳಿ ಇಟ್ಟವರು ಯಾರೂ ಹಾಕಿಸದಿರುವುದಕ್ಕೆ ಅದೇ ಕಾರಣ. ದುಡ್ಡು ದೊಡ್ಡದಲ್ಲ, ನೂರು ಕೋಳಿ ಒಟ್ಟಿಗೆ ಸಿಗುವುದೇ ದೊಡ್ಡದು.

ಹಾಗಾದರೆ ಗಲ್ಲಿಯ ಕೋಳಿಯನ್ನೆಲ್ಲ ಸೇರಿಸಬೇಕು. ಗಲ್ಲಿಯಲ್ಲಿ ಯಾರ ಮನೆಯಲ್ಲಿ ಎಷ್ಟು ಕೋಳಿ ಅಂತ ಗೊತ್ತಿರುವುದು ಒಬ್ಬರಿಗೇ. ಅವರ ಬಾಗಿಲು ತಟ್ಟಲು ನನಗೆ ಮೂರು ದಿನ ಬೇಕಾಯಿತು. ಮಾವ್ಶಿ ನನ್ನ ಮಾತು ಪೂರ್ತಿ ಕೇಳಿದರು, ಚಪ್ಪಲಿ ಮೆಟ್ಟಿ ಮುಂದೆ ಹೊರಟರು. ಹನ್ನೊಂದು ಮನೆ ತಿರುಗಿದೆವು. ಅವರು ಮರಾಠಿಯಲ್ಲಿ ಒಂದೇ ಮಾತು ಹೇಳುತ್ತಿದ್ದರು: "ನನ್ನವು ಹದಿನಾಲ್ಕು ಹೋದವು, ನೋಡಿದ್ದೀರಲ್ಲ." ಯಾರಿಂದ ಅಂತ ಎಲ್ಲಿಯೂ ಹೇಳಲಿಲ್ಲ. ಎಪ್ಪತ್ತಮೂರು ಕೋಳಿ ಲೆಕ್ಕ ಸಿಕ್ಕಿತು.

ಲಸಿಕೆಯನ್ನು ಐಸ್ ತುಂಬಿದ ಥರ್ಮಾಸಿನಲ್ಲಿಯೇ ತರಬೇಕು, ಬಿಸಿಲಿಗೆ ಹಿಡಿಯಬಾರದು. ಮರಿಗೆ ಐದರಿಂದ ಏಳನೇ ದಿನದೊಳಗೆ ಲಸೋಟ ಎಂಬ ಲಸಿಕೆ, ಕಣ್ಣಿಗೆ ಅಥವಾ ಮೂಗಿಗೆ ಒಂದು ತೊಟ್ಟು. ನಾಲ್ಕನೇ ವಾರದ ಹೊತ್ತಿಗೆ ಇನ್ನೊಮ್ಮೆ. ಎಂಟು ವಾರ ದಾಟಿದ ಮೇಲೆ ಆರ್‌ಟುಬಿ ಅಂತ ಚುಚ್ಚುಮದ್ದು, ರೆಕ್ಕೆಯ ಕೆಳಗೆ ಚರ್ಮದಡಿ ಕೊಡುತ್ತಾರೆ. ಆಮೇಲೆ ಎಷ್ಟು ತಿಂಗಳಿಗೊಮ್ಮೆ ಅನ್ನುವುದನ್ನು ನಿಮ್ಮ ಪಶುವೈದ್ಯರು ಹೇಳುತ್ತಾರೆ. ನಾವು ಆರು ತಿಂಗಳಿಗೊಮ್ಮೆ ಮಾಡುತ್ತೇವೆ. ಕಾಯಿಲೆ ಬಿದ್ದಿರುವ ಕೋಳಿಗೆ ಹಾಕಬಾರದು. ರಾತ್ರಿ ಗೂಡು ಸೇರಿದ ಮೇಲೆ ಅಥವಾ ಬೆಳಿಗ್ಗೆ ಬಿಡುವ ಮೊದಲು ಹಿಡಿಯುವುದು ಸುಲಭ. ಹಗಲು ಹಿಡಿಯಲು ಹೋಗಿ ಮೊದಲ ಸಲ ನಾವು ಆ ಗಲ್ಲಿಯಲ್ಲಿ ಓಡಿದ್ದನ್ನು ಮಕ್ಕಳು ಈಗಲೂ ನಟಿಸಿ ತೋರಿಸುತ್ತಾರೆ.

ಹೊಸ ಕೋಳಿ ತಂದರೆ ಮೂರು ವಾರ ಬೇರೆ ಕಡೆ ಇಡಿ. ಮೊದಲು ಹಳೇ ಕೋಳಿಗೆ ಊಟ ಹಾಕಿ, ಆಮೇಲೆ ಹೊಸದರ ಹತ್ತಿರ ಹೋಗಿ, ಬಂದು ಕೈಕಾಲು ತೊಳೆಯಿರಿ. ಗೂಡಿಗೆಂದೇ ಒಂದು ಜತೆ ಚಪ್ಪಲಿ ಇಡಿ. ನಾನು ಮಾಡದೇ ಹೋದದ್ದು ಇಷ್ಟೇ.

ಉಳಿದ ಕಾಯಿಲೆಗಳನ್ನು ಬೇಗ ಹೇಳುತ್ತೇನೆ. ಜುಟ್ಟು, ಕಣ್ಣಿನ ಸುತ್ತ ಕಪ್ಪು ಗುಳ್ಳೆ ಎದ್ದರೆ ಕೋಳಿ ಸಿಡುಬು. ಸೊಳ್ಳೆ ಹರಡುತ್ತದೆ, ನಮ್ಮಲ್ಲಿ ಸೊಳ್ಳೆಗೆ ಬರವೇ? ಅದಕ್ಕೂ ಲಸಿಕೆ ಇದೆ. ಬಂದ ಮೇಲೆ ಅರಿಶಿನ, ಬೇವಿನೆಣ್ಣೆ ಹಚ್ಚಿ, ಕಣ್ಣು ಮುಚ್ಚಿಹೋದರೆ ಕೈಯಲ್ಲಿ ತಿನ್ನಿಸಿ, ಹೆಚ್ಚಿನವು ಬದುಕುತ್ತವೆ. ಮಳೆಗಾಲದಲ್ಲಿ ಮರಿಗಳ ಹಿಕ್ಕೆಯಲ್ಲಿ ರಕ್ತ ಕಂಡರೆ ರಕ್ತಬೇಧಿ, ಅದು ಒದ್ದೆ ಅಡಿಹಾಸಿನಿಂದ. ಇದಕ್ಕೆ ಮದ್ದಿದೆ, ಅಂದೇ ಹೋಗಿ ತನ್ನಿ, ನಾಳೆಗೆ ಇಡಬೇಡಿ. ಉಮಿ ಅಥವಾ ಮರದ ಹುಡಿ ಮೂರು ಇಂಚು ಹಾಸಿ, ದಿನಾ ಕೆದಕಿ, ಹಿಡಿಯಲ್ಲಿ ಹಿಂಡಿದಾಗ ಉಂಡೆ ಕಟ್ಟಿದರೆ ಬದಲಿಸಿ. ವಾಸನೆ ಬರುವುದು ಕೋಳಿಯಿಂದಲ್ಲ, ಒದ್ದೆಯಿಂದ. ಪಕ್ಕದವರ ದೂರಿನಲ್ಲಿ ಮುಕ್ಕಾಲು ಪಾಲು ಅಲ್ಲಿಗೇ ಮುಗಿಯುತ್ತದೆ.

ಕೋಳಿ ಹೇನಿಗೆ ಒಂದು ಅಗಲವಾದ ತೊಟ್ಟಿಯಲ್ಲಿ ಒಣಮರಳು, ಸೌದೆಯ ಬೂದಿ ಹಾಕಿಡಿ, ಅದರಲ್ಲಿ ಹೊರಳಾಡಿ ತಾವೇ ಸರಿಮಾಡಿಕೊಳ್ಳುತ್ತವೆ. ಇನ್ನೊಂದು ಕೆಂಪು ಉಣ್ಣೆ ಇದೆ, ಹಗಲು ಗೂಡಿನ ಸಂದಿಯಲ್ಲಿ ಅಡಗಿದ್ದು ರಾತ್ರಿ ರಕ್ತ ಹೀರುತ್ತದೆ. ಕೋಳಿ ಗೂಡಿಗೆ ಹೋಗಲು ಹಟ ಮಾಡಿದರೆ, ಜುಟ್ಟು ಬಿಳಿಚಿಕೊಂಡರೆ ರಾತ್ರಿ ಟಾರ್ಚ್ ಹಾಕಿ ಅಡ್ಡಕೋಲಿನ ತುದಿ ನೋಡಿ. ಗೂಡು ಖಾಲಿ ಮಾಡಿ ಕುದಿನೀರು ಹೊಯ್ದು ಸುಣ್ಣ ಬಳಿಯಿರಿ.

ಏಪ್ರಿಲ್, ಮೇ ತಿಂಗಳ ಸೆಕೆಯನ್ನು ಕಡೆಗಣಿಸಬೇಡಿ. ಕೋಳಿಗೆ ಬೆವರಿಲ್ಲ. ಬಾಯಿ ತೆರೆದು, ರೆಕ್ಕೆ ದೂರ ಹಿಡಿದು ನಿಂತಿತೆಂದರೆ ಅದಕ್ಕೆ ತಡೆಯಲಾಗುತ್ತಿಲ್ಲ ಅಂತ ಅರ್ಥ. ತಗಡಿನ ಮಾಡಾದರೆ ಮೇಲೆ ತೆಂಗಿನ ಮಡಲು ಅಥವಾ ಒದ್ದೆ ಗೋಣಿ ಹಾಸಿ. ಮಣ್ಣಿನ ಪಾತ್ರೆಯಲ್ಲಿ ನೀರು, ದಿನಕ್ಕೆ ಮೂರು ಸಲ ಬದಲಿಸಿ. ಊಟ ಬೆಳಿಗ್ಗೆ ಬೇಗ ಮತ್ತು ಸಂಜೆ ಮಾತ್ರ.

ಹಕ್ಕಿಜ್ವರ. 2006ರಲ್ಲಿ ನಮ್ಮ ದೇಶದಲ್ಲಿ ಮೊದಲು ಕಂಡದ್ದು ಇದೇ ಮಹಾರಾಷ್ಟ್ರದ ನವಾಪುರದಲ್ಲಿ. 2022ರ ಫೆಬ್ರವರಿಯಲ್ಲಿ ನಮ್ಮ ಠಾಣೆ ಜಿಲ್ಲೆಯ ಶಹಾಪುರದ ವೆಹಳೋಳಿ ಹಳ್ಳಿಗೂ ಬಂತು, ಸುತ್ತಲಿನ ಸಾವಿರಾರು ಕೋಳಿಗಳನ್ನು ಕೊಲ್ಲಬೇಕಾಯಿತು. ನಮ್ಮ ಖಾಡಿಗೆ ಪ್ರತಿವರ್ಷ ದೂರದಿಂದ ಹಕ್ಕಿಗಳು ಬರುತ್ತವೆ, ಅವುಗಳಿಂದ ಹರಡಬಹುದು. ಹೆದರಿ ಕೂರಬೇಕಿಲ್ಲ. ಕೋಳಿಗಳು ಒಟ್ಟಿಗೆ ಸತ್ತರೆ, ಕಾಗೆಗಳು ಸತ್ತು ಬಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ, ಕೊಯ್ಯಬೇಡಿ, ಸರ್ಕಾರಿ ಪಶು ಚಿಕಿತ್ಸಾಲಯಕ್ಕೆ ತಿಳಿಸಿ. ಸತ್ತ ಕೋಳಿಯನ್ನು ನಾಲೆಗೆ, ಕಸದ ಡಬ್ಬಿಗೆ ಎಸೆಯುವುದು ಬೇಡವೇ ಬೇಡ. ಆಳವಾಗಿ ಗುಂಡಿ ತೆಗೆದು ಸುಣ್ಣ ಹಾಕಿ ಹೂಳಿ. ಮೊಟ್ಟೆ ಚೆನ್ನಾಗಿ ಬೇಯಿಸಿ ತಿನ್ನಿ, ಮಕ್ಕಳು ಕೋಳಿ ಮುಟ್ಟಿದರೆ ಸೋಪು ಹಾಕಿ ಕೈ ತೊಳೆಸಿ.

ಲಾಭ ಇದೆಯಾ ಅಂತ ಕೇಳಿದ್ದೀರಿ. ಆರು ಕೋಳಿಗೆ ಇಪ್ಪತ್ತು ಕಿಲೋ ಆಹಾರದ ಲೆಕ್ಕ ಹಾಕಿದರೆ ಅಂಗಡಿಯ ಮೊಟ್ಟೆಯೇ ಅಗ್ಗ. ಮಾರುವವರಿಗೆ ನಾಟಿ ಮೊಟ್ಟೆಯ ಬೆಲೆ ಸಿಕ್ಕಿದರೆ ಮಾತ್ರ ಏನೋ ಸ್ವಲ್ಪ ಉಳಿಯುತ್ತದೆ.

ಮೊಟ್ಟೆ ನಿಂತ ಮುದಿ ಕೋಳಿಯನ್ನು ಏನು ಮಾಡುತ್ತೀರಿ ಅಂತಲೂ ಒಬ್ಬರು ಚೀಟಿಯಲ್ಲಿ ಬರೆದು ಕಳಿಸಿದ್ದಾರೆ. ಸುಳ್ಳು ಹೇಳುವುದಿಲ್ಲ, ನಮ್ಮ ಮನೆಯಲ್ಲಿ ಕೋರಿ ರೊಟ್ಟಿ ತಿನ್ನುತ್ತೇವೆ. ಆದರೆ ಆ ಮಾರ್ಚ್‌ನಲ್ಲಿ ಉಳಿದ ಒಂದು ಹೇಂಟೆ ಇದೆ. ಕತ್ತು ಸ್ವಲ್ಪ ವಾರೆಯಾಗಿಯೇ ಉಳಿಯಿತು, ಮೊಟ್ಟೆ ಇಟ್ಟು ಎರಡು ವರ್ಷವಾಯಿತು. ಅದನ್ನು ಯಾರೂ ಮುಟ್ಟುವುದಿಲ್ಲ. ಮಾವ್ಶಿಯ ಹತ್ತಿರ ಈಗ ಹನ್ನೆರಡು ಕೋಳಿ ಇವೆ, ಅದರಲ್ಲಿ ಐದು ನಾನು ಕಾವಿಗೆ ಕೂರಿಸಿ ಕೊಟ್ಟ ಮರಿಗಳು. ಕರಿಬೇವಿಗೆ ಬರುತ್ತಾರೆ.

ಮುಂದಿನ ಲಸಿಕೆ ದೀಪಾವಳಿ ಕಳೆದ ಎರಡನೇ ಭಾನುವಾರ ಬೆಳಿಗ್ಗೆ ಆರೂವರೆಗೆ. ನಮ್ಮ ಗಲ್ಲಿಯದ್ದು ಅರವತ್ತೆಂಟು ಕೋಳಿ, ಇನ್ನು ಮೂವತ್ತೆರಡಕ್ಕೆ ಜಾಗ ಇದೆ. ಸಾನ್‌ಪಾಡಾ, ಕೋಪರಖೈರಣೆಯವರು ರಟ್ಟಿನ ಪೆಟ್ಟಿಗೆಗೆ ತೂತು ಮಾಡಿ ಅದರಲ್ಲಿ ತಂದರೂ ಆಗುತ್ತದೆ, ಆದರೆ ನಮ್ಮ ಕೋಳಿಗಳ ಹತ್ತಿರ ಬಿಡಬೇಡಿ. ಮನೆ ಮುಂದೆ ರಸ್ತೆಯಲ್ಲೇ ನಿಂತು ಹಾಕಿಸಿಕೊಂಡು ಹೋಗಿ. ಎಷ್ಟು ಕೋಳಿ ಅಂತ ಹಿಂದಿನ ದಿನವೇ ನನಗೆ ತಿಳಿಸಿ. ಟೀ ಮಾಡಿರುತ್ತೇನೆ.